ಇರುವೆ ದನಿ

ಕೃಷ್ಣಮೂರ್ತಿಪುರಂನ ಆ ಅಡ್ಡರಸ್ತೆಗೆ ಬಂದವರು ಚಿಗುರು ಶಿಶುವಿಹಾರ ಎಲ್ಲಿದೆ ಎಂದು ಒಂದು ಕಾಲಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಕಿವಿ ಇದ್ದರೆ ಸಾಕಿತ್ತು. ಬೆಳಗಿನ ಹೊತ್ತು ಇಪ್ಪತ್ತು ಚಿಲ್ಲರೆ ಮಕ್ಕಳು ಒಟ್ಟಿಗೆ ಬಾಯಿ ತೆರೆದರೆ ಹಿಂದಿನ ಬೀದಿಯ ನಾಯಿಯೂ ಎದ್ದು ಜಾಗ ಬದಲಾಯಿಸುತ್ತಿತ್ತು. ಈಗ ಹಾಗಿಲ್ಲ. ಮೊಲದ ಚಿತ್ರ ಬರೆದ ಬೋರ್ಡನ್ನು ಹುಡುಕಿಕೊಂಡು ಹೋಗಬೇಕು. ಒಳಗೆ ಮಕ್ಕಳಿದ್ದಾರೋ, ಮಕ್ಕಳ ಫೋಟೋ ತೂಗುಹಾಕಿದ್ದಾರೋ ತಿಳಿಯದಷ್ಟು ನಿಶ್ಶಬ್ದ. ಬಂದವರೆಲ್ಲ ಹೊಗಳುತ್ತಾರೆ. ಆ ಹೊಗಳಿಕೆ ಶಿಶುವಿಹಾರ ನಡೆಸುವ ಮಂಜುಳಮ್ಮನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ.

ಮಂಜುಳಮ್ಮ ಮೊದಲು ದಟ್ಟಗಳ್ಳಿಯ ಒಂದು ದೊಡ್ಡ ಸ್ಕೂಲಿನಲ್ಲಿ ನರ್ಸರಿ ಟೀಚರ್ ಆಗಿದ್ದವಳು. ಅಲ್ಲಿ ಮೂರು ವರ್ಷದ ಕೂಸುಗಳಿಗೆ ಟೈ ಬಿಗಿದು, ಬೆಂಚಿನ ಮೇಲೆ ಕೂರಿಸಿ, ಮುದ್ದಾದ ಕೈಗಳಿಗೆ ಪೆನ್ಸಿಲ್ ತುರುಕುವುದನ್ನು ನೋಡಿ ನೋಡಿ ರೋಸಿಹೋದಳು. ಅಕ್ಷರ ಕಣ್ಣಿಗೆ ಬೀಳುವ ಮೊದಲು ಲೋಕ ಕಿವಿಗೆ ಬೀಳಬೇಕು ಎನ್ನುವುದು ಅವಳ ಹಟ. ಆ ಹಟ ಹಿಡಿದೇ ಕೆಲಸ ಬಿಟ್ಟು, ವೃಷಭೇಂದ್ರಪ್ಪನವರ ಹಳೇ ಮನೆಯ ಕೆಳಭಾಗವನ್ನು ಬಾಡಿಗೆಗೆ ಹಿಡಿದು, ಆಯಾ ಕೆಲಸಕ್ಕೆ ಕೆಂಚಮ್ಮನನ್ನು ಕಟ್ಟಿಕೊಂಡು ತನ್ನದೇ ಶಿಶುವಿಹಾರ ತೆರೆದಳು.

ಅವಳ ಶಾಲೆಯ ಮೊದಲ ಪಾಠವೇ ಸದ್ದಿನದು. ಸ್ಟೀಲ್ ತಟ್ಟೆಗೆ ಸೌಟಿನಿಂದ ಒಂದು ಬಾರಿಸುವುದು, ಆಮೇಲೆ ಮೊರಕ್ಕೆ ಒಂದು ಹಿಡಿ ರಾಗಿ ಸುರಿಯುವುದು. ಯಾವುದು ದೊಡ್ಡದು, ಯಾವುದು ಸಣ್ಣದು? ಡಬ್ಬಿಯೊಳಗೆ ಹುಣಸೆಬೀಜ ಕುಲುಕಿಸುವುದು, ಹತ್ತಿಯ ಉಂಡೆಯನ್ನು ನೆಲಕ್ಕೆ ಬೀಳಿಸಿ ಕೇಳಿಸಿತಾ ಎನ್ನುವುದು. ಮಕ್ಕಳನ್ನು ಗೇಟಿನ ಹತ್ತಿರ ಸಾಲಾಗಿ ನಿಲ್ಲಿಸಿ ಬೀದಿಯನ್ನು ಕೇಳಿಸುವುದು. ಕಸದ ಆಟೋದ ಹಾಡು, ಸೊಪ್ಪು ಮಾರುವವಳ ಕೂಗು, ಎದುರುಮನೆಯ ಕುಕ್ಕರು, ಕಾಂಪೌಂಡಿನ ಮೇಲೆ ಓಡುವ ಅಳಿಲಿನ ಕಾಲು. ದೊಡ್ಡದಕ್ಕೆ ಅವಳು ಆನೆ ದನಿ ಎಂದು ಹೆಸರಿಟ್ಟಳು, ಸಣ್ಣದಕ್ಕೆ ಇರುವೆ ದನಿ. ಆನೆಯಾಗಿ ಎಂದರೆ ಮಕ್ಕಳು ಗಂಟಲು ಹರಿಯುವಂತೆ ಕೂಗಬೇಕು. ಇರುವೆಯಾಗಿ ಎಂದರೆ ಪಕ್ಕದವರ ಕಿವಿಗೆ ಮಾತ್ರ ಕೇಳಿಸಬೇಕು. ಆನೆಗೂ ಇರುವೆಗೂ ಅವಳ ಶಾಲೆಯಲ್ಲಿ ಸಮ ಮರ್ಯಾದೆ ಇತ್ತು.

ಆನೆ ದನಿಗೆ ಹೇಳಿ ಮಾಡಿಸಿದಂತಿದ್ದವಳೆಂದರೆ ಸಿಂಚನ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ರಕ್ಷಿತಾಳ ಮಗಳು, ನಾಲ್ಕು ವರ್ಷದ ಚೋಟುದ್ದದ ಹುಡುಗಿ. ಆ ಮೈಯಲ್ಲಿ ಅಷ್ಟು ದನಿ ಎಲ್ಲಿ ಅಡಗಿತ್ತೋ ದೇವರಿಗೇ ಗೊತ್ತು. ಬೆಳಗ್ಗೆ ಗೇಟಿನಲ್ಲಿ ನಿಂತು ಅವಳು ‘ಮಿಸ್’ ಎಂದಳೆಂದರೆ ಸಜ್ಜೆಯ ಮೇಲಿನ ಪಾರಿವಾಳಗಳೆಲ್ಲ ಹಾರಿಹೋಗುತ್ತಿದ್ದವು. ಮಂಜುಳಮ್ಮ ನಗುತ್ತಿದ್ದಳು. ಹಾಜರಿ ಕರೆಯುವಾಗ ಸಿಂಚನಳ ಹೆಸರು ಕೂಗುವ ಅಗತ್ಯವೇ ಇರಲಿಲ್ಲ, ಬಂದಿದ್ದಾಳೆ ಎಂದು ಬೀದಿಗೇ ಗೊತ್ತಾಗಿರುತ್ತಿತ್ತು.

ಬೀದಿಗೆ ಗೊತ್ತಾದದ್ದು ಮಹಡಿಗೂ ಗೊತ್ತಾಗುತ್ತಿತ್ತು. ವೃಷಭೇಂದ್ರಪ್ಪನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಮಹಡಿಯಲ್ಲಿ ಒಬ್ಬರೇ. ಬೆಳಗ್ಗೆ ದೀರ್ಘವಾದ ಪೂಜೆ, ಬೇಗ ಊಟ, ಆಮೇಲೆ ನಿದ್ದೆ. ಬೈಯುವ ಮನುಷ್ಯರಲ್ಲ. ಬೈದಿದ್ದರೆ ಮಂಜುಳಮ್ಮನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದಳೇನೋ. ಅವರು ಮಾಡುತ್ತಿದ್ದದ್ದು ಇಷ್ಟೇ: ಗಲಾಟೆಯಾದಾಗ ಬಂದು ಮಹಡಿ ಮೆಟ್ಟಿಲಿನ ಅರ್ಧಕ್ಕೆ ನಿಂತುಕೊಳ್ಳುವುದು. ಕೆಳಗೂ ಇಳಿಯರು, ಮೇಲಕ್ಕೂ ಹೋಗರು. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಒಗೆದ ಟವಲು, ಮುಖದಲ್ಲಿ ಒಂದು ದೊಡ್ಡ ಸಹನೆ. ಆ ಸಹನೆಯನ್ನು ನೋಡಿದರೆ ಸಾಕು, ಮಂಜುಳಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಡುತ್ತಿದ್ದಳು. ಕೋರ್ಟಿನಲ್ಲೂ ಕಕ್ಷಿದಾರರನ್ನು ಹೀಗೇ ನೋಡಿ ಬಾಯಿ ಕಟ್ಟುತ್ತಿದ್ದರೋ ಏನೋ.

ಕಳೆದ ವರ್ಷ ಬಾಡಿಗೆಯ ಕರಾರು ಮುಗಿಯುವ ಹೊತ್ತಿಗೆ ಅವರು ಅವಳನ್ನು ಮೇಲಕ್ಕೆ ಕರೆಸಿ, ಕಾಫಿ ಕೊಟ್ಟು, ಮೆತ್ತಗೆ ಮಾತು ತೆಗೆದರು.

“ಮಕ್ಕಳು ದೇವರ ಸಮಾನ ಅಂತಾರೆ, ಒಪ್ತೀನಿ. ಆದ್ರೆ ದೇವರು ಸುಮ್ನಿರ್ತಾನಲ್ಲ, ಮಂಜುಳಮ್ಮನೋರೆ.”

ಈ ಒಂದು ವರ್ಷ ನೋಡುತ್ತೇನೆ, ಆಮೇಲೆ ಯೋಚಿಸೋಣ ಎಂದರು. ಅದರ ಅರ್ಥ ಅವಳಿಗೆ ಚೆನ್ನಾಗಿಯೇ ಆಯಿತು. ಸುತ್ತಮುತ್ತ ಅಂಗಳವಿರುವ ಮನೆಯನ್ನು ಮಕ್ಕಳಿಗೆಂದು ಕೊಡುವವರು ಇನ್ನು ಯಾರಿದ್ದಾರೆ? ಇದ್ದಬದ್ದ ಹಳೇ ಮನೆಗಳೆಲ್ಲ ಅಪಾರ್ಟ್‌ಮೆಂಟ್ ಆಗುತ್ತಿವೆ. ಈ ಮನೆ ಹೋದರೆ ಶಿಶುವಿಹಾರ ಹೋಯಿತು. ಅವಳು ಮತ್ತೆ ದಟ್ಟಗಳ್ಳಿಯ ಬಸ್ ಹತ್ತಬೇಕು, ಮತ್ತೆ ಟೈ, ಮತ್ತೆ ಪೆನ್ಸಿಲ್. ಮೆಟ್ಟಿಲಿಳಿದು ಬರುವಾಗಲೇ ಅವಳು ತೀರ್ಮಾನಿಸಿದ್ದಳು: ಮನೆಯೊಳಗೆ ಇನ್ನು ಇರುವೆ ದನಿ ಮಾತ್ರ.

ಮೊದಮೊದಲು ಅವಳು ಆನೆಗೂ ಒಂದು ಜಾಗ ಉಳಿಸಿದ್ದಳು. ಶನಿವಾರ ಮಕ್ಕಳನ್ನು ಹತ್ತಿರದ ಪಾರ್ಕಿಗೆ ಕರೆದುಕೊಂಡು ಹೋಗಿ ಮನದಣಿಯೆ ಕೂಗಿಸುತ್ತಿದ್ದಳು. ಅಲ್ಲಿ ವಾಕಿಂಗ್ ಮಾಡುವ ಹಿರಿಯರಿಗೆ ಅದು ಹಿಡಿಸಲಿಲ್ಲ. ರಕ್ತದೊತ್ತಡ ಇಳಿಸಿಕೊಳ್ಳಲು ಬರುತ್ತೇವೆ, ಏರಿಸಿಕೊಳ್ಳಲು ಅಲ್ಲ ಎಂದು ಒಬ್ಬರು ಮುಖದ ಮೇಲೆ ಹೊಡೆದ ಹಾಗೆ ಹೇಳಿದರು. ಅಲ್ಲಿಗೆ ಪಾರ್ಕೂ ನಿಂತಿತು. ದಸರೆಯ ಆನೆಗಳನ್ನು ನೋಡಲು ಲೋಕವೆಲ್ಲ ಬಂದು ಸೇರುವ ಊರಿನಲ್ಲಿ ನಾಲ್ಕು ವರ್ಷದ ಮಕ್ಕಳ ಆನೆಗೆ ನಿಲ್ಲಲು ಜಾಗ ಸಿಗಲಿಲ್ಲ.

ಉಳಿದ ಮಕ್ಕಳು ಬೇಗ ಬಗ್ಗಿದರು. ಬಗ್ಗದವಳು ಸಿಂಚನ ಒಬ್ಬಳೇ. ಅವಳಿಗೆಂದೇ ಮಂಜುಳಮ್ಮ ಒಂದು ಉಪಾಯ ಹೂಡಿದಳು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯನ್ನೂ ಪಟ್ಟಳು. ಸಿಂಚನ ಜೋರಾಗಿ ‘ಮಿಸ್’ ಎಂದರೆ ಮಂಜುಳಮ್ಮ ಕೇಳಿಸದವಳ ಹಾಗೆ ಬೇರೆ ಕಡೆ ನೋಡುತ್ತಿದ್ದಳು. ಹುಡುಗಿ ಇನ್ನೂ ಜೋರು ಮಾಡಿದರೆ ಇನ್ನೂ ಕಿವುಡಿಯಾಗುತ್ತಿದ್ದಳು. ಬೇಸತ್ತು, ಹತ್ತಿರ ಬಂದು, ಸೆರಗು ಹಿಡಿದು, ಉಸಿರಿನಷ್ಟು ಮೆಲ್ಲಗೆ ಕರೆದಾಗ ಥಟ್ಟನೆ ತಿರುಗಿ, ಕೆನ್ನೆ ಸವರಿ, “ಈಗ ಕೇಳಿಸ್ತು ನೋಡು, ಮಿಸ್ ಕಿವಿಗೆ ಇರುವೆ ದನಿ ಮಾತ್ರ ಕೇಳ್ಸೋದು” ಎನ್ನುತ್ತಿದ್ದಳು. ಆ ಉಪಾಯ ಎಲ್ಲ ಮಕ್ಕಳಿಗೂ ಹಬ್ಬಿತು. ನೀರು ಬೇಕಿದ್ದರೂ ಇರುವೆ, ಬಿದ್ದು ಮೊಣಕಾಲು ತರಚಿದರೂ ಇರುವೆ. ಕೆಂಚಮ್ಮನಿಗೆ ಇದು ಸರಿ ಕಾಣಲಿಲ್ಲ. ಮಕ್ಕಳು ಇಂಗಿದ್ರೆ ಮನೇಲಿ ದೀಪ ಆರ್ದಂಗೆ ಕಾಣ್ತದೆ ಎಂದು ಒಂದೆರಡು ಸಲ ಗೊಣಗಿದಳು. ಮಂಜುಳಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಿವಿಗೆ ಹಾಕಿಕೊಳ್ಳದಿರುವುದು ಅಷ್ಟರಲ್ಲಿ ಅವಳಿಗೆ ಚೆನ್ನಾಗಿ ರೂಢಿಯಾಗಿತ್ತು.

ತಂದೆತಾಯಂದಿರಿಗಂತೂ ಹಿಡಿಸಲಾರದಷ್ಟು ಸಂತೋಷ. ಮನೆಯಲ್ಲೂ ಮಕ್ಕಳು ಮೆಲ್ಲಗೆ ಮಾತಾಡುತ್ತಾರೆ, ಮೀಟಿಂಗ್ ನಡೆಯುವಾಗ ಪಕ್ಕದಲ್ಲೇ ಇದ್ದರೂ ಗೊತ್ತಾಗುವುದಿಲ್ಲ ಎಂದು ವಾಟ್ಸಾಪ್ ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳ ಸುರಿಮಳೆ. ರಕ್ಷಿತಾ ಒಂದು ದಿನ ಕೈ ಹಿಡಿದುಕೊಂಡು, ನೈಟ್ ಡ್ಯೂಟಿ ಮುಗಿಸಿ ಬಂದು ಹಗಲು ಮಲಗಿದರೆ ಈಗ ಎಚ್ಚರವೇ ಆಗುವುದಿಲ್ಲ, ನಿಮ್ಮ ಋಣ ತೀರಿಸಲಾರೆ ಮಿಸ್ ಎಂದಳು. ಹೊಸ ಮಕ್ಕಳನ್ನು ಸೇರಿಸಲು ಜನ ಬರತೊಡಗಿದರು. ಮಕ್ಕಳು ಹೀಗೆ ತೆಪ್ಪಗಿರುವುದೇ ವಿದ್ಯೆ ಎಂದು ಎಲ್ಲರೂ ನಂಬಿದ್ದರು. ಎಲ್ಲರೂ ನಂಬಿದ್ದನ್ನು ಮಂಜುಳಮ್ಮನೂ ನಂಬಿದಳು, ಅದರಲ್ಲಿ ಅವಳ ಅನ್ನವೂ ಇತ್ತಲ್ಲ.

ದಸರೆ ಹತ್ತಿರ ಬಂತು. ಆನೆ, ಕುದುರೆಗಳು ಬೆದರದಿರಲಿ ಎಂದು ಅರಮನೆಯ ಕಡೆ ಪಿರಂಗಿ ಹಾರಿಸಿ ತಾಲೀಮು ಮಾಡಿಸುವ ದಿನಗಳು. ಒಂದು ಬೆಳಗ್ಗೆ ಮಕ್ಕಳು ವೃತ್ತವಾಗಿ ಕೂತು ರಾಗಿ ಸುರಿಯುವ ಸದ್ದು ಕೇಳುತ್ತಿದ್ದಾಗ ಆ ಕಡೆಯಿಂದ ಢಂ ಎಂದಿತು. ಕಿಟಕಿಯ ಗಾಜು ನಡುಗಿತು. ಬೇರೆ ಯಾವ ಮಕ್ಕಳಾದರೂ ಕಿಟಾರನೆ ಕಿರುಚುತ್ತಿದ್ದವು, ಇಲ್ಲ ಕುಣಿಯುತ್ತಿದ್ದವು. ಇವು ಬಾಯಿಯನ್ನು ‘ಆ’ ಎಂದು ತೆರೆದವು, ಕಣ್ಣು ಅಗಲಿಸಿದವು, ಒಂದರ ಮುಖ ಒಂದು ನೋಡಿಕೊಂಡವು. ದನಿ ಹೊರಡಲಿಲ್ಲ. ಸಿಂಚನ ಮಂಜುಳಮ್ಮನ ಕಿವಿಯ ಹತ್ತಿರ ಬಂದು ಪಿರಂಗಿ ಎಂದು ಉಸುರಿದಳು. ಮೇಲೆ ನೋಡಿದರೆ ಮೆಟ್ಟಿಲಿನ ಅರ್ಧದಲ್ಲಿ ವೃಷಭೇಂದ್ರಪ್ಪನವರು. ಮೊದಲ ಸಲ ಅವರು ತಲೆದೂಗಿದರು. ಮಂಜುಳಮ್ಮನಿಗೆ ಪ್ರಶಸ್ತಿ ಬಂದಷ್ಟು ಹಿಗ್ಗಾಯಿತು. ಆನೆಗಳಿಗೆ ವಾರಗಟ್ಟಲೆ ತಾಲೀಮು ಬೇಕು, ನನ್ನ ಮಕ್ಕಳು ಎಂದೋ ಕಲಿತಿದ್ದಾರೆ ಎಂದುಕೊಂಡಳು.

ನವರಾತ್ರಿಗೆ ಇನ್ನು ಕೆಲವೇ ದಿನ ಇರುವಾಗ ವೃಷಭೇಂದ್ರಪ್ಪನವರು ಹೆಂಡತಿಯ ಬೊಂಬೆಗಳನ್ನು ತೆಗೆಯಲು ಹೊರಟರು. ಆಕೆ ಇದ್ದಾಗ ಪ್ರತಿ ವರ್ಷ ಕೂರಿಸುತ್ತಿದ್ದರಂತೆ. ಮಹಡಿ ಮೆಟ್ಟಿಲಿನ ಕೆಳಗೆ, ಮನೆಗೂ ಕಾಂಪೌಂಡಿಗೂ ನಡುವಿನ ಓಣಿಯ ಕಡೆ ಬಾಗಿಲಿರುವ ಒಂದು ಕತ್ತಲೆ ಕೋಣೆ. ಅದರಲ್ಲಿ ಟ್ರಂಕುಗಳು. ಬೆಳಗ್ಗೆ ಬಾಗಿಲು ತೆಗೆದು, ರಾಜ ರಾಣಿಯರ ಪಟ್ಟದ ಬೊಂಬೆ ಜೋಡಿಯನ್ನು ಟ್ರಂಕಿನ ಮೇಲೆ ನಿಲ್ಲಿಸಿ, ಗಾಳಿಯಾಡಲಿ ಎಂದು ಹಾಗೇ ಬಿಟ್ಟು ಪೂಜೆಗೆ ಹೋದರು.

ಮಕ್ಕಳು ಡಬ್ಬಿ ತಿಂದ ಮೇಲೆ ಕೈ ತೊಳೆಯಲು ಓಣಿಯ ನಲ್ಲಿಗೆ ಹೋಗುವುದು ವಾಡಿಕೆ. ಅಂದು ಯಾರೋ ಚಿತ್ರಾನ್ನ ಚೆಲ್ಲಿಕೊಂಡಿದ್ದರಿಂದ ಕೆಂಚಮ್ಮ ಒಳಗೆ ನೆಲ ಒರೆಸುತ್ತಿದ್ದಳು. ಸಿಂಚನ ಕೈ ತೊಳೆದಳು, ಬೊಂಬೆ ಕಂಡಳು, ಒಳಗೆ ಹೋದಳು. ಪೂಜೆ, ಊಟ ಮುಗಿಸಿ ಕೆಳಗಿಳಿದ ವೃಷಭೇಂದ್ರಪ್ಪನವರು ಬಾಗಿಲು ಎಳೆದು, ಹೊರಗಿನ ಚಿಲಕ ಜಡಿದು, ಮಲಗಲು ಹೋದರು. ತೆರೆದಿರುವ ಬಾಗಿಲನ್ನು ಕಂಡರೆ ಚಿಲಕ ಹಾಕದೆ ಅವರಿಂದ ಇರಲಾಗುತ್ತಿರಲಿಲ್ಲ.

ಹಳೆಯ ದಿನಗಳಾಗಿದ್ದರೆ ಸಿಂಚನ ಇಲ್ಲದ್ದು ಆ ಕ್ಷಣಕ್ಕೇ ಗೊತ್ತಾಗುತ್ತಿತ್ತು, ಮನೆಯ ಅರ್ಧ ಸದ್ದು ಅವಳದ್ದೇ ಆಗಿತ್ತಲ್ಲ. ಅಂದು ಮಕ್ಕಳು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು, ಮಂಜುಳಮ್ಮ ಪಿಸುದನಿಯಲ್ಲಿ ಕತೆ ಹೇಳುತ್ತಿದ್ದಳು. ಅಂಥ ಮೌನದಲ್ಲಿ ಒಂದು ಮಗು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮನೆಗೆ ಬಿಡುವ ಹೊತ್ತಾಯಿತು. ಆಟೋಗಳು ಬಂದವು, ಅಜ್ಜಿಯರು ಬಂದರು, ಮಕ್ಕಳು ಇರುವೆ ಸಾಲಿನ ಹಾಗೇ ಹೊರಟರು. ಎಲ್ಲರೂ ಹೋದ ಮೇಲೆ ಬಾಗಿಲ ಬಳಿ ಒಂದು ಜೊತೆ ಕೆಂಪು ಚಪ್ಪಲಿ ಉಳಿಯಿತು.

ಅದು ಸಿಂಚನಳದೆಂದು ಮಂಜುಳಮ್ಮ ಗುರುತಿಸಿದಳು. ಆಟೋದವನಿಗೆ ಫೋನ್ ಮಾಡಿದಳು. ಇವತ್ತು ಆ ಮಗುವನ್ನು ಹತ್ತಿಸಿಕೊಂಡಿಲ್ಲ, ಅಮ್ಮನೇ ಬರುತ್ತಾರೆಂದು ಹೇಳಿದ್ದರಲ್ಲ ಎಂದ. ಬಚ್ಚಲುಮನೆ ನೋಡಿದಳು. ನೀರಿನ ಸಂಪಿನ ಮುಚ್ಚಳ ತೆಗೆದು, ಬಗ್ಗಿ ಒಳಗೆ ಇಣುಕಿದಳು. ನೀರು ಸುಮ್ಮನೆ ಮಿರಮಿರ ಮಿನುಗಿತು, ಅಷ್ಟೇ. ಕೆಂಚಮ್ಮ ಮುಖ್ಯರಸ್ತೆಯವರೆಗೆ ಓಡಿಹೋಗಿ ಏದುಸಿರು ಬಿಡುತ್ತ ವಾಪಸು ಬಂದಳು. ಮಂಜುಳಮ್ಮ ಮನೆಯನ್ನು ಸುತ್ತಿದಳು. ಓಣಿಯಲ್ಲಿ ಹೋದಳು, ಬಂದಳು, ಮತ್ತೆ ಹೋದಳು. ಹೋಗುತ್ತ ಬರುತ್ತ ಸಿಂಚನಾ, ಸಿಂಚನಾ ಎಂದು ಕರೆದಳು. ಯಾವ ದನಿಯಲ್ಲಿ ಕರೆಯುತ್ತಿದ್ದೇನೆ ಎನ್ನುವುದು ಅವಳಿಗೇ ತಿಳಿದಿರಲಿಲ್ಲ. ಕೆಂಚಮ್ಮನೇ ತಡೆದು ನಿಲ್ಲಿಸಿದಳು.

“ಅಮ್ಮೋರೆ, ಜೋರಾಗಿ ಕೂಗಿ. ಇಂಗೆ ಪಿಸುಗುಟ್ಟುದ್ರೆ ಯಾರಿಗ್ ಕೇಳ್ತದೆ?”

“ಮೇಲೆ ಮಲಗಿದ್ದಾರೆ ಕಣೆ,” ಎಂದಳು ಮಂಜುಳಮ್ಮ.

ಹೇಳಿದ ಮೇಲೆ ತಾನು ಹೇಳಿದ್ದು ತನ್ನ ಕಿವಿಗೆ ಬಿತ್ತು. ಒಂದು ಮಗು ಕಾಣೆಯಾಗಿದೆ, ಇವಳಿಗೆ ಯಾರದೋ ನಿದ್ದೆಯ ಚಿಂತೆ. ಕೆಂಚಮ್ಮ ನೋಡಿದ ನೋಟದಲ್ಲಿ ಬೈಗುಳವೇನೂ ಇರಲಿಲ್ಲ, ಅಸಹ್ಯವಿತ್ತು. ಆದರೂ ಮಂಜುಳಮ್ಮ ಮತ್ತೆ ಪಿಸುದನಿಯಲ್ಲೇ ಕರೆದಳು. ಅಷ್ಟರಲ್ಲಿ ಗೇಟಿನ ಹತ್ತಿರ ಸ್ಕೂಟರ್ ನಿಂತಿತು. ರಕ್ಷಿತಾ ಬಂದಿದ್ದಳು.

ರಕ್ಷಿತಾಳಿಗೆ ಮೇಲೆ ಮಲಗಿರುವವರ ಹಂಗಿರಲಿಲ್ಲ. ವಿಷಯ ತಿಳಿದದ್ದೇ ತಡ, ಅಂಗಳದಲ್ಲಿ ನಿಂತು ಮಗಳ ಹೆಸರನ್ನು ಬೀದಿಯ ಎರಡು ತುದಿಗೂ ಮುಟ್ಟುವಂತೆ ಕೂಗಿದಳು. ಅಕ್ಕಪಕ್ಕದ ಬಾಗಿಲುಗಳು ತೆರೆದವು. ವೃಷಭೇಂದ್ರಪ್ಪನವರು ಎದ್ದು ಬಂದು, ರೂಢಿಯಂತೆ ಮೆಟ್ಟಿಲಿನ ಅರ್ಧಕ್ಕೆ ನಿಂತರು. ಮುಖ ಗಂಟಿಕ್ಕಿತ್ತು. ಮಗು ಕಾಣಿಸುತ್ತಿಲ್ಲ ಎಂದು ಕೆಂಚಮ್ಮ ಹೇಳಿದಳು. ಅವರ ಮುಖದ ಗಂಟು ಬಿಚ್ಚಿ ಬಣ್ಣವೂ ಇಳಿಯಿತು. ಇನ್ನರ್ಧ ಮೆಟ್ಟಿಲುಗಳನ್ನು ಟವಲು ಜಾರಿದ್ದೂ ಗೊತ್ತಾಗದೆ ಇಳಿದರು.

“ಬೊಂಬೆ ಕೋಣೆಗೆ ನಾನೇ ಚಿಲಕ ಹಾಕ್ದೆ. ಒಳಗೆ ಏನೋ ಪಿಸುಪಿಸು ಅಂದ ಹಾಗಾಯ್ತು. ಇಲಿ ಅಂದ್ಕೊಂಡೆ.”

ಬಾಗಿಲು ತೆರೆದಾಗ ಸಿಂಚನ ಎರಡು ಟ್ರಂಕುಗಳ ನಡುವೆ ಮೊಣಕಾಲು ತಬ್ಬಿ ಕೂತಿದ್ದಳು. ಚಡ್ಡಿ ಒದ್ದೆಯಾಗಿತ್ತು. ಬಾಗಿಲಿನ ಸಂದಿಗೆ ಬಾಯಿ ಒತ್ತಿ ಒತ್ತಿ ತುಟಿಯ ಸುತ್ತ ಧೂಳು ಅಂಟಿತ್ತು. ರಕ್ಷಿತಾ ಬಾಚಿ ಎತ್ತಿಕೊಂಡಳು. ಯಾಕಮ್ಮಾ ಕೂಗಲಿಲ್ಲ, ಇಲ್ಲೇ ಇದ್ದರಲ್ಲ ಎಲ್ಲರೂ ಎಂದು ಕೇಳುತ್ತ ಅತ್ತಳು. ಮಗು ಅಮ್ಮನ ಹೆಗಲ ಮೇಲಿನಿಂದ ಮಂಜುಳಮ್ಮನನ್ನು ನೋಡಿತು. ನೋಟದಲ್ಲಿ ದೂರು ಇರಲಿಲ್ಲ. ತಾನು ಸರಿಯಾಗಿಯೇ ಮಾಡಿದೆ, ಆದರೂ ಯಾಕೆ ಹೀಗಾಯಿತು ಎನ್ನುವ ಗೊಂದಲವಿತ್ತು.

“ಮಿಸ್ ಓಡಾಡ್ತಿದ್ರು, ಗೊತ್ತಾಯ್ತು. ಜೋರಾಗಿ ಕೂಗಿದ್ರೆ ಮಿಸ್‌ಗೆ ಕೇಳ್ಸಲ್ಲ. ಅದಕ್ಕೇ ಇರುವೆ ದನೀಲಿ ಕರೆದೆ. ತುಂಬಾ ಕರೆದೆ.”

ಇದನ್ನೂ ಅವಳು ಪಿಸುಗುಟ್ಟಿಯೇ ಹೇಳಿದಳು. ಒಂದು ಹಲಗೆ ಬಾಗಿಲಿನ ಆಚೆ ಈ ಮಗು, ಈಚೆ ಮಂಜುಳಮ್ಮ. ಇಬ್ಬರೂ ಒಬ್ಬರನ್ನೊಬ್ಬರು ಕರೆದದ್ದೇ ಕರೆದದ್ದು, ಇಬ್ಬರಿಗೂ ಕೇಳಿಸಲಿಲ್ಲ. ತನ್ನ ಕೆನ್ನೆಗೆ ಯಾರಾದರೂ ಬಾರಿಸಿದ್ದರೆ ಅವಳಿಗೆ ಆ ಹೊತ್ತು ಎಷ್ಟೋ ಸಮಾಧಾನವಾಗುತ್ತಿತ್ತು.

ಯಾರೂ ಬಾರಿಸಲಿಲ್ಲ. ಅದೇ ಅವಳ ಪಾಲಿನ ದೊಡ್ಡ ಶಿಕ್ಷೆಯಾಯಿತು. ನೆರೆದ ಹೆಂಗಸರು ಮಗುವಿನ ಗಲ್ಲ ಹಿಡಿದು, ಅಯ್ಯೋ, ಎಷ್ಟು ಜಾಣೆ, ಅಷ್ಟು ಹೊತ್ತು ಕತ್ತಲಲ್ಲಿದ್ದರೂ ಒಂದು ಚೂರೂ ರಂಪ ಮಾಡಿಲ್ಲ ನೋಡಿ ಎಂದು ಲೊಚಗುಟ್ಟಿದರು. ನಮ್ಮ ಮೊಮ್ಮಗ ಆಗಿದ್ದರೆ ಮನೆ ಹಾರಿಸಿಬಿಡುತ್ತಿದ್ದ ಎಂದಳು ಒಬ್ಬಾಕೆ. ಹಾರಿಸಬೇಕಿತ್ತು ಎನ್ನುವುದು ಆ ಗುಂಪಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸಂಜೆ ರಕ್ಷಿತಾ ಫೋನ್ ಮಾಡಿದಾಗ ಮಂಜುಳಮ್ಮ ಬೈಗುಳಕ್ಕೆ ಸಿದ್ಧವಾಗಿಯೇ ಕೂತಿದ್ದಳು. ರಕ್ಷಿತಾ ಆ ಕೋಣೆಗೆ ಬೀಗ ಹಾಕಿಸಿ ಎಂದಳು, ನಾಳೆಯೂ ಮಗುವನ್ನು ಕಳಿಸುತ್ತೇನೆ ಎಂದಳು. ಬೇರೆ ಕಡೆ ಸೇರಿಸಲು ಓಡಾಡುವಷ್ಟು ರಜ ಅವಳಿಗೂ ಇರಲಿಲ್ಲ. ಇರುವೆ ದನಿಯ ವಿಷಯ ಎತ್ತಿದ್ದು ಮಂಜುಳಮ್ಮನೇ. ಅದನ್ನು ನಿಲ್ಲಿಸಿಬಿಡುತ್ತೇನೆ ಎಂದಳು. ರಕ್ಷಿತಾ ದನಿ ತಗ್ಗಿಸಿದಳು.

“ಪೂರ್ತಿ ನಿಲ್ಲಿಸ್ಬೇಡಿ ಮಿಸ್. ನನ್ನ ಡ್ಯೂಟಿ ನಿಮಗೆ ಗೊತ್ತಲ್ಲ.”

ವೃಷಭೇಂದ್ರಪ್ಪನವರಿಗೆ ನಿಜವಾಗಿಯೂ ನೋವಾಗಿತ್ತು. ತಾವು ಹಾಕಿದ ಚಿಲಕ ಅವರನ್ನು ಚುಚ್ಚುತ್ತಿತ್ತು. ಬೊಂಬೆಗಳನ್ನು ಈ ವರ್ಷ ಕೂರಿಸುವುದಿಲ್ಲ ಎಂದು ವಾಪಸು ಟ್ರಂಕಿಗೆ ತುಂಬಿದರು. ಮಂಜುಳಮ್ಮನನ್ನು ಮೇಲಕ್ಕೆ ಕರೆಸಿ, ಹೊಸ ಕರಾರನ್ನು ಮುಂದಿಟ್ಟರು. ಎಷ್ಟು ವರ್ಷ ಬೇಕಾದರೂ ಇಲ್ಲೇ ನಡೆಸಿ, ಇಷ್ಟು ಶಿಸ್ತಿನ ಮಕ್ಕಳನ್ನು ನಾನು ನೋಡಿಲ್ಲ ಎಂದರು. ಯಾವುದಕ್ಕಾಗಿ ಒಂದು ವರ್ಷ ಉಸಿರು ಬಿಗಿಹಿಡಿದಿದ್ದಳೋ ಅದು ಮೇಜಿನ ಮೇಲಿತ್ತು. ಅವಳು ಸಹಿ ಹಾಕಿದಳು. ಹಾಕದಿದ್ದರೆ ಕೆಂಚಮ್ಮನೂ ಬೀದಿಗೆ ಬೀಳುತ್ತಿದ್ದಳು, ಮಕ್ಕಳೂ ಟೈ ಕಟ್ಟಿಸಿಕೊಳ್ಳುತ್ತಿದ್ದರು ಎಂದು ತನಗೆ ತಾನೇ ಹೇಳಿಕೊಂಡಳು. ಸುಳ್ಳಲ್ಲ. ಪೆನ್ನು ಕೆಳಗಿಟ್ಟು ಅವಳು ಒಂದೇ ಒಂದು ಮಾತು ಕೇಳಿದಳು: ಒಂದು ಬೆಳಗ್ಗೆ ಮಕ್ಕಳನ್ನು ಮನಸಾರೆ ಕೂಗಿಸುತ್ತೇನೆ, ಅಪ್ಪಣೆ ಕೊಡಿ. ಅವರು ತಕ್ಷಣ ಒಪ್ಪಿದರು. ಶುಕ್ರವಾರ ನಂಜನಗೂಡಿಗೆ ಹೋಗುವುದಿದೆ, ಮನೆಯೇ ಖಾಲಿ, ಹೆಂಚು ಹಾರಿಹೋಗುವ ಹಾಗೆ ಕೂಗಿಸಿ ಎಂದರು.

ಶುಕ್ರವಾರ ಮಂಜುಳಮ್ಮ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿದಳು. ಕೆಂಚಮ್ಮ ಅಡುಗೆಮನೆಯಿಂದ ತಟ್ಟೆ, ಸೌಟು, ಹಿತ್ತಾಳೆ ಪಾತ್ರೆ ಎಲ್ಲ ಹೊತ್ತು ತಂದಳು, ಅವಳಿಗೇ ಎಲ್ಲರಿಗಿಂತ ಹೆಚ್ಚು ಉತ್ಸಾಹ. ಇವತ್ತು ಆನೆಯ ಹಬ್ಬ, ಮಹಡಿ ತಾತ ಊರಲ್ಲಿಲ್ಲ, ಇವತ್ತಿನಿಂದ ಮಿಸ್ ಕಿವಿಗೆ ದೊಡ್ಡ ದನಿಯೂ ಕೇಳಿಸುತ್ತದೆ ಎಂದು ಮಂಜುಳಮ್ಮ ಹೇಳಿದಳು. ತಟ್ಟೆಗೆ ಒಂದು ಏಟು ಹಾಕಿದಳು. ಹತ್ತಿರವಿದ್ದ ಮಕ್ಕಳು ಕಿವಿ ಮುಚ್ಚಿಕೊಂಡರು. ಉಳಿದವರು ತಲೆಯೆತ್ತಿ ಮೆಟ್ಟಿಲಿನ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಇಲ್ಲದಿದ್ದರೂ ನೋಡಿದರು.

ಕೂಗಿ ಎಂದಳು. ತುಟಿಗಳು ಅಲುಗಿದವು. ಇನ್ನೂ ಜೋರಾಗಿ ಎಂದಳು. ಗಾಳಿ ಹೊರಟಿತು, ದನಿ ಹೊರಡಲಿಲ್ಲ. ಒಬ್ಬ ಹುಡುಗ ಇದು ಪರೀಕ್ಷೆ ಇರಬೇಕು, ಮಿಸ್ ನಮ್ಮನ್ನು ಬೀಳಿಸಲು ನೋಡುತ್ತಿದ್ದಾರೆ ಎಂದುಕೊಂಡವನ ಹಾಗೆ ಕಳ್ಳನಗೆ ನಕ್ಕು, ಬಾಯಿ ಬಿಗಿಯಾಗಿ ಮುಚ್ಚಿಕೊಂಡ. ಸಿಂಚನ ಮುಂದಿನ ಸಾಲಿನಲ್ಲಿದ್ದಳು. ಮಂಜುಳಮ್ಮ ಅವಳ ಮುಂದೆ ಮಂಡಿಯೂರಿದಳು.

“ಕಂದಾ, ನೀನು ಕೂಗು. ಮೊದಲು ಪಾರಿವಾಳ ಹಾರಿಸ್ತಿದ್ದೆಯಲ್ಲ, ಹಾಗೆ. ನಾನು ಕೇಳಿಸ್ಕೋತೀನಿ, ನಿನ್ನಾಣೆ.”

ಸಿಂಚನ ಅವಳ ಕಣ್ಣನ್ನು ನೋಡಿದಳು. ಮಿಸ್‌ಗೆ ಬೇಕಾದದ್ದನ್ನು ಕೊಡಬೇಕೆಂದು ಆ ಮಗುವಿಗೂ ಎಷ್ಟೋ ಆಸೆಯಿತ್ತು. ಎದೆ ಉಬ್ಬಿಸಿತು, ಕತ್ತಿನ ನರ ಬಿಗಿಯಿತು, ಮುಖ ಕೆಂಪೇರಿತು. ಕೊನೆಗೆ ಬಂದದ್ದು ಅದೇ ಉಸಿರಿನಷ್ಟು ಮೆಲ್ಲನೆಯ ‘ಮಿಸ್’.

ಮಂಜುಳಮ್ಮನಿಗೆ ತಡೆಯಲಾಗಲಿಲ್ಲ. ಹೇಗೆಂದು ನಾನೇ ತೋರಿಸುತ್ತೇನೆ ಎಂದು ಎದ್ದು ನಿಂತಳು. ಚಿಕ್ಕಂದಿನಲ್ಲಿ ಹೊಲದ ಬದುವಿನ ಮೇಲೆ ನಿಂತು ಆಚೆ ಹೊಲದ ಅಪ್ಪನನ್ನು ಊಟಕ್ಕೆ ಕರೆಯುತ್ತಿದ್ದ ಹಾಗೆ, ಎರಡು ಕೈಯನ್ನೂ ಬಾಯಿಗೆ ಹಿಡಿದು, ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದಳು. ಒಂದು ವರ್ಷ ನುಂಗಿದ್ದೆಲ್ಲ ಆ ಕೂಗಿನಲ್ಲಿ ಬಂತು. ಪಕ್ಕದ ಮನೆಯ ಕಿಟಕಿ ತೆರೆಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ಕಾಲೂರಿ ನಿಂತ. ಕೂಗಿ ಮುಗಿಸಿ, ಮೈಯೆಲ್ಲ ಹಗುರಾಗಿ, ನಗುತ್ತ ಮಕ್ಕಳ ಕಡೆ ತಿರುಗಿದಳು.

ಮಕ್ಕಳು ಅಳುತ್ತಿದ್ದರು. ಮಿಸ್ ಹೀಗೆ ಕೂಗಿದ್ದನ್ನು ಅವರು ಎಂದೂ ಕಂಡಿರಲಿಲ್ಲ, ಹೆದರಿಬಿಟ್ಟಿದ್ದರು. ಸಾಲುಸಾಲಾಗಿ ನಿಂತು, ಬಾಯಿ ಪೂರ್ತಿ ತೆರೆದು, ಕೆನ್ನೆಯ ಮೇಲೆ ನೀರು ಸುರಿಸುತ್ತ ಅಳುತ್ತಿದ್ದರು. ಸಿಂಚನಳ ಬಾಯಿ ಎಲ್ಲರಿಗಿಂತ ದೊಡ್ಡದಾಗಿ ತೆರೆದಿತ್ತು. ಅಂಗಳದಲ್ಲಿ ಒಂದಿಷ್ಟೂ ಸದ್ದಿರಲಿಲ್ಲ. ಕೆಂಚಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, ಸೆರಗಿನ ತುದಿಯಿಂದ ಒಂದೊಂದೇ ಮುಖವನ್ನು ಒರೆಸುತ್ತ ಹೋದಳು.